ಹೆರಿಂಗ್ ಹಬ್ಬ ನೋಡೋಕೆ ಯಾವ ಊರಿಗೆ ಹೋಗೋದು?

"ಆ ಮೀನಿನ ಹಬ್ಬ ಜೂನ್‌ದಾ, ಅಕ್ಟೋಬರ್‌ದಾ? ಟಿಕೆಟ್ ಬುಕ್ ಮಾಡ್ಬೇಕು, ಬೇಗ ಹೇಳು."

ಕುಂದಾಪುರದಲ್ಲಿರುವ ಚಿಕ್ಕಪ್ಪನ ಮಗನ ಮೆಸೇಜು. ನಾನು ನೆದರ್‌ಲ್ಯಾಂಡ್ಸ್‌ಗೆ ಬಂದ ಮೇಲೆ ಇಂಥ ಪ್ರಶ್ನೆ ವರ್ಷಕ್ಕೆ ನಾಲ್ಕೈದಾದರೂ ಬರುತ್ತವೆ. ಎಲ್ಲೋ ಒಂದು ವಿಡಿಯೋ ನೋಡಿರುತ್ತಾರೆ. ಯಾರೋ ಬಾಲ ಹಿಡಿದು ಹಸಿ ಮೀನನ್ನು ಬಾಯೊಳಗೆ ಇಳಿಸುತ್ತಿರುತ್ತಾರೆ, ಹಿಂದೆ ಬಣ್ಣಬಣ್ಣದ ಬಾವುಟ. ಇನ್ನೊಂದು ವಿಡಿಯೋದಲ್ಲಿ ತಲೆಗೆ ಬಟ್ಟೆ ಕಟ್ಟಿದ ಹೆಂಗಸರು ಪೀಪಾಯಿಗೆ ಮೀನು ತುಂಬುತ್ತಿರುತ್ತಾರೆ. ಎರಡೂ ಒಂದೇ ಹಬ್ಬ ಅಂದುಕೊಳ್ಳುತ್ತಾರೆ. ಅಲ್ಲ. ಮೊದಲನೆಯದು ಜೂನ್, ನೆದರ್‌ಲ್ಯಾಂಡ್ಸ್. ಎರಡನೆಯದು ಆಗಸ್ಟ್, ಐಸ್‌ಲ್ಯಾಂಡ್. ನಡುವೆ ಒಂದು ಇಡೀ ಸಮುದ್ರ ಇದೆ.

ಹೆರಿಂಗ್ ನಮ್ಮ ಬೂತಾಯಿಯ ಹತ್ತಿರದ ನೆಂಟ. ಅದೇ ಬೆಳ್ಳಿ ಹೊಳಪು, ಅದೇ ಎಣ್ಣೆ, ಅದೇ ಸಣ್ಣ ಮುಳ್ಳಿನ ಕಾಟ. ಗಾತ್ರ ಮಾತ್ರ ಸ್ವಲ್ಪ ಜಾಸ್ತಿ. ಗುಂಪುಗುಂಪಾಗಿ ಬರುತ್ತದೆ, ಬಂದಾಗ ಊರಿಗೆ ಊರೇ ಶ್ರೀಮಂತ, ಬಾರದಿದ್ದರೆ ಊರಿಗೆ ಊರೇ ಖಾಲಿ. ಬೂತಾಯಿ ಬಾರದ ವರ್ಷ ಮಲ್ಪೆ ಹೇಗಿರುತ್ತದೆ ಅಂತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉತ್ತರ ಯೂರೋಪಿನ ಕರಾವಳಿಯಲ್ಲಿ ಇಷ್ಟೊಂದು ಹೆರಿಂಗ್ ಹಬ್ಬಗಳಿರುವುದಕ್ಕೂ ಇದೇ ಕಾರಣ. ಆದರೆ ಒಂದೊಂದು ಊರು ಒಂದೊಂದು ವಿಷಯವನ್ನು ನೆನೆಯುತ್ತದೆ. ಒಂದು ಕಡೆ ವರ್ಷದ ಮೊದಲ ಮೀನು ಬಂದ ಖುಷಿ. ಇನ್ನೊಂದು ಕಡೆ ಹಸಿವು ನೀಗಿದ ದಿನ. ಮತ್ತೊಂದು ಕಡೆ ಹೋಗಿಬಿಟ್ಟ ಮೀನಿನ ನೆನಪು. ಅದಕ್ಕೇ "ಯಾವುದು ಚೆನ್ನಾಗಿದೆ" ಅಂತ ಕೇಳಿದರೆ ಉತ್ತರ ಹೇಳೋದು ಕಷ್ಟ. ನಿಮಗೆ ಏನು ಬೇಕು ಅಂತ ಹೇಳಿದರೆ ಸುಲಭ.

ಮೊದಲು ಈ ಪ್ರಶ್ನೆಗಳಿಗೆ ಉತ್ತರ ಹೇಳಿಕೊಳ್ಳಿ

ಮೊದಲನೆಯದು, ಹಸಿ ಮೀನು ಬಾಯಿಗೆ ಹೋಗುತ್ತದಾ? ಸುಳ್ಳು ಹೇಳಬೇಡಿ. "ಅಲ್ಲಿಗೆ ಹೋದಾಗ ನೋಡೋಣ" ಅಂದವರು ಅಲ್ಲಿಗೆ ಹೋದಾಗ ಫ್ರೆಂಚ್ ಫ್ರೈಸ್ ತಿಂದು ಬಂದಿದ್ದನ್ನು ಕಂಡಿದ್ದೇನೆ. ಹೆರಿಂಗ್ ಹಸಿಯಾಗಿಯೂ ಸಿಗುತ್ತದೆ, ಉಪ್ಪಿನಲ್ಲೂ ಹುಳಿಯಲ್ಲೂ ನೆನೆಸಿ ಸಿಗುತ್ತದೆ, ಹೊಗೆ ಹಾಕಿದ್ದೂ ಸಿಗುತ್ತದೆ, ಹುರಿದೂ ಕೊಡುತ್ತಾರೆ. ಊರಿಗೊಂದು ಪದ್ಧತಿ.

ಎರಡನೆಯದು, ಜೊತೆಗೆ ಯಾರು ಬರುತ್ತಿದ್ದಾರೆ? ನಮ್ಮಲ್ಲಿ ಅರ್ಧ ಮನೆಗಳಲ್ಲಿ ಒಬ್ಬರು ಮೀನು ತಿಂದರೆ ಇನ್ನೊಬ್ಬರಿಗೆ ವಾಸನೆಯೇ ಆಗದು. ಜೊತೆಗೆ ಮಂಡಿನೋವಿನ ಅತ್ತೆ, ಸ್ಟ್ರಾಲರ್‌ನಲ್ಲಿ ಮಗು. ಇದನ್ನು ಲೆಕ್ಕಕ್ಕೆ ತಗೊಳ್ಳದೆ ಊರು ಆರಿಸಿದರೆ ಹಬ್ಬ ನಿಮಗೊಬ್ಬರಿಗೇ.

ಮೂರನೆಯದು ರಜೆ ಮತ್ತು ವೀಸಾ. ನೆದರ್‌ಲ್ಯಾಂಡ್ಸ್, ಫಿನ್‌ಲ್ಯಾಂಡ್, ಐಸ್‌ಲ್ಯಾಂಡ್, ಜರ್ಮನಿ, ಫ್ರಾನ್ಸ್ ಎಲ್ಲಕ್ಕೂ ಒಂದೇ ಷೆಂಗೆನ್ ವೀಸಾ ಸಾಕು. ಇಂಗ್ಲೆಂಡ್, ಸ್ಕಾಟ್‌ಲ್ಯಾಂಡ್‌ಗೆ ಬೇರೆ ಬೇಕು. ಒಂದೇ ಮೀನಿಗೆ ಎರಡು ವೀಸಾ ಖರ್ಚು ಮಾಡುವ ಉತ್ಸಾಹ ನನಗಂತೂ ಇಲ್ಲ.

ಕೊನೆಯದು, ನಿಮಗೆ ಜಾತ್ರೆ ಬೇಕಾ, ಕಥೆ ಬೇಕಾ? ಎರಡೂ ಬೇಕು ಅಂದರೂ ಸರಿ, ಆದರೆ ಯಾವುದು ಜಾಸ್ತಿ ಬೇಕು ಅಂತ ನಿಮಗೇ ಗೊತ್ತಿರಲಿ. ದುಡ್ಡಿನ ಮಾತನ್ನು ಪ್ರತಿ ಊರಿನ ಜೊತೆಗೇ ಹೇಳುತ್ತೇನೆ, ಯಾಕೆಂದರೆ ವ್ಯತ್ಯಾಸ ಮೀನಿನ ಬೆಲೆಯಲ್ಲಿಲ್ಲ, ಹೋಟೆಲ್ ಮತ್ತು ದಾರಿಯಲ್ಲಿದೆ.

ಸ್ಖೆವನಿಂಗನ್, ಜೂನ್: ವರ್ಷದ ಮೊದಲ ಮೀನು

ಹೆಸರು ಉಚ್ಚರಿಸಲು ಒದ್ದಾಡಬೇಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನ್ನರನ್ನು ಪತ್ತೆ ಹಚ್ಚಲು ಡಚ್ಚರು ಇದೇ ಹೆಸರನ್ನು ಹೇಳಿಸುತ್ತಿದ್ದರು ಅನ್ನುವ ಕಥೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ನಾವು ಸಿಕ್ಕಿಬೀಳೋದಂತೂ ಗ್ಯಾರಂಟಿ.

ಇದು ಹೇಗ್ ನಗರದ ಕಡಲತಡಿ. ಇಲ್ಲಿನ ಹಬ್ಬಕ್ಕೆ ಫ್ಲಾಖೆಟ್ಯಸ್‌ದಾಖ್ ಅಂತ ಹೆಸರು, ಅಂದರೆ ಪುಟ್ಟ ಬಾವುಟಗಳ ದಿನ. ಹಿಂದೆ ಹೆರಿಂಗ್ ದೋಣಿಗಳು ಹೊಸ ಹಂಗಾಮಿಗೆ ಹೊರಡುವ ಮುಂಚೆ ಬಾವುಟ ಕಟ್ಟಿ ಅಲಂಕಾರ ಮಾಡುತ್ತಿದ್ದರು, ಮನೆಯವರೆಲ್ಲ ಬಂದರಿಗೆ ಬಂದು ನೋಡುತ್ತಿದ್ದರು. ನಮ್ಮ ಕರಾವಳಿಯಲ್ಲಿ ನೂಲ ಹುಣ್ಣಿಮೆಗೆ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ದೋಣಿ ಇಳಿಸುವುದಿಲ್ವಾ, ಹೆಚ್ಚುಕಡಿಮೆ ಅದೇ ಭಾವ. ಈಗ ಹಬ್ಬದ ಅರ್ಥ ತಿರುಗಿದೆ. ದೋಣಿ ಹೊರಡುವ ಹಬ್ಬ ಹೋಗಿ ಮೀನು ಬಂದ ಹಬ್ಬವಾಗಿದೆ. ಸಾಮಾನ್ಯವಾಗಿ ಜೂನ್ ಮಧ್ಯದ ಒಂದು ಶನಿವಾರ. ಅದಕ್ಕೆ ಕೆಲವು ದಿನ ಮುಂಚೆ ಮೊದಲ ಪೀಪಾಯಿಯ ಹರಾಜು ನಡೆಯುತ್ತದೆ, ಬಂದ ದುಡ್ಡು ಯಾವುದಾದರೂ ಒಳ್ಳೆಯ ಕೆಲಸಕ್ಕೆ. ಹರಾಜು ಮುಗಿದ ಮೇಲೇ ದೇಶದ ಮೀನಂಗಡಿಗಳಲ್ಲಿ "ಹೊಲಾಂಡ್ಸೆ ನ್ಯೂವೆ", ಅಂದರೆ ಹೊಸ ಹೆರಿಂಗ್, ಮಾರಾಟ ಶುರು.

ಈ ಹೊಸ ಹೆರಿಂಗ್ ಅನ್ನುವುದು ಸುಮ್ನೆ ಹೆಸರಲ್ಲ. ಚಳಿಗಾಲದಲ್ಲಿ ಬಡಕಲಾಗಿದ್ದ ಮೀನು ವಸಂತದಲ್ಲಿ ಪ್ಲಾಂಕ್ಟನ್ ತಿಂದು ಕೊಬ್ಬುತ್ತದೆ. ಮೈಯಲ್ಲಿ ಕನಿಷ್ಠ 16 ಶೇಕಡಾ ಕೊಬ್ಬಿರಬೇಕು, ಹೊಟ್ಟೆಯಲ್ಲಿ ಇನ್ನೂ ಮೊಟ್ಟೆ ಬೆಳೆದಿರಬಾರದು. ಆಗಲೇ ಆ ಹೆಸರು. ಆಮೇಲೆ ಬರುವುದು ಡಚ್ಚರ ಕೈಚಳಕ. ಸಣ್ಣ ಚಾಕುವಿನಿಂದ ಕಿವಿರು, ಕರುಳು ತೆಗೆಯುತ್ತಾರೆ, ಆದರೆ ಮೇದೋಜೀರಕ ಗ್ರಂಥಿಯನ್ನು ಮಾತ್ರ ಬಿಡುತ್ತಾರೆ. ಅದರ ರಸ ಉಪ್ಪಿನ ಜೊತೆ ಸೇರಿ ಮೀನನ್ನು ಒಳಗಿಂದಲೇ ಹದ ಮಾಡುತ್ತದೆ. ಬೆಣ್ಣೆಯಂತಾಗುವುದು ಅದರಿಂದಲೇ. ಈ ವಿದ್ಯೆಯನ್ನು 14ನೇ ಶತಮಾನದಲ್ಲಿ ಬೀರ್‌ಫ್ಲೀಟ್ ಊರಿನ ವಿಲ್ಲೆಮ್ ಬ್ಯೂಕೆಲ್ಸ್‌ಝೋನ್ ಕಂಡುಹಿಡಿದ ಅಂತ ಡಚ್ಚರು ಹೇಳಿಕೊಳ್ಳುತ್ತಾರೆ. ಅವನೇ ಮೊದಲಿಗನೋ ಅಲ್ಲವೋ, ದೋಣಿಯಲ್ಲೇ ಮೀನು ಹದ ಮಾಡಿ ಪೀಪಾಯಿಗೆ ತುಂಬಿದ್ದರಿಂದ ದೂರ ಹೋಗಿ ವಾರಗಟ್ಟಲೆ ಹಿಡಿಯಲು ಸಾಧ್ಯವಾಯಿತು. ಉಪವಾಸದ ದಿನಗಳಲ್ಲಿ ಮಾಂಸ ಬಿಟ್ಟು ಮೀನು ತಿನ್ನುತ್ತಿದ್ದ ಯೂರೋಪಿಗೆಲ್ಲ ಮಾರಿದರು. "ಆಮ್‌ಸ್ಟರ್‌ಡ್ಯಾಮ್ ನಿಂತಿರೋದು ಹೆರಿಂಗ್ ಮುಳ್ಳಿನ ಮೇಲೆ" ಅನ್ನುವ ಗಾದೆ ಹುಟ್ಟಿದ್ದು ಹಾಗೆ.

ಅಮ್ಮ ಬಂದಿದ್ದಾಗ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅಂಗಡಿಯವಳು ತಲೆಯಿಲ್ಲದ ಮೀನಿನ ನಡುಮುಳ್ಳು ಎಳೆದು, ಎರಡು ಹೋಳನ್ನು ಬಾಲದ ಹತ್ತಿರ ಕೂಡಿಸಿಯೇ ಬಿಟ್ಟು, ಕಾಗದದ ತಟ್ಟೆಯಲ್ಲಿಟ್ಟಳು. ಮೇಲೆ ಸಣ್ಣಗೆ ಹೆಚ್ಚಿದ ಈರುಳ್ಳಿ. ಒಳಭಾಗ ತಿಳಿಗುಲಾಬಿ, ಅಂಚಿನಲ್ಲಿ ಎಣ್ಣೆಯ ಮಿಂಚು. ಅಮ್ಮ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು, ಮೂಸಿದಳು. "ಉಪ್ಪು ಹಾಕಿದ್ದಾರೆ, ಒಲೆ ಹಚ್ಚೋದು ಮರೆತಿದ್ದಾರೆ" ಅಂದಳು. ಆಮೇಲೆ ಬಾಲ ಹಿಡಿದು ಒಂದು ತುತ್ತು. ಸ್ವಲ್ಪ ಹೊತ್ತು ಮಾತಿಲ್ಲ. "ಹುಳಿಪುಡಿ ಇದ್ದಿದ್ರೆ..." ಅಂತ ಎಳೆದಳು. ಎರಡನೆಯದನ್ನೂ ಕೇಳಿದಳು ಅನ್ನುವುದು ಮಾತ್ರ ದಾಖಲಾಗಲಿ.

ಪೂರ್ತಿ ಹಸಿ ಅಂತ ಹೆದರುವವರಿಗೆ ಒಂದು ಮಾತು. ಮಾರಾಟಕ್ಕೆ ಮುಂಚೆ ಮೀನನ್ನು ಗಟ್ಟಿಯಾಗಿ ಫ್ರೀಜ್ ಮಾಡಲೇಬೇಕು ಅಂತ ನಿಯಮ ಇದೆ. ಹೆರಿಂಗ್ ಹುಳು ಸಾಯಲಿ ಅಂತ. ಬಾಲ ಹಿಡಿದು ತಿನ್ನಲು ನಾಚಿಕೆಯಾದರೆ ತುಂಡು ಮಾಡಿಸಿಕೊಂಡು ಉಪ್ಪಿನಕಾಯಿ ಸೌತೆಯ ಜೊತೆ ತಿನ್ನಿ, ಆಮ್‌ಸ್ಟರ್‌ಡ್ಯಾಮಿನವರು ತಿನ್ನುವುದೇ ಹಾಗೆ.

ಈಗ ಕೊರತೆ. ಬಂದರಿನ ತುಂಬ ಜನ. ಸ್ಖೆವನಿಂಗನ್‌ನ ಹಳೇ ಉಡುಪು ತೊಟ್ಟ ಹೆಂಗಸರು, ಬಲೆ ಹೆಣೆಯುವವರು, ಹಾಡುವ ತಂಡಗಳು ಎಲ್ಲ ಇರುತ್ತವೆ, ನಿಜ. ಆದರೆ ಸುತ್ತ ಬಿಯರ್ ಸ್ಟಾಲು, ಮಕ್ಕಳ ಆಟ, ಅಬ್ಬರದ ಸಂಗೀತ. ಕಥೆ ಹುಡುಕಿಕೊಂಡು ಹೋದವರಿಗೆ ಅದು ಗದ್ದಲದಲ್ಲಿ ಕಳೆದುಹೋಗುತ್ತದೆ. ಇನ್ನೊಂದು ಮುಜುಗರದ ಸತ್ಯ: ಈ "ಡಚ್" ಹೆರಿಂಗ್‌ನ ದೊಡ್ಡ ಪಾಲು ಈಗ ಬಂದು ಇಳಿಯುವುದು ಡೆನ್ಮಾರ್ಕ್, ನಾರ್ವೆ ಬಂದರುಗಳಲ್ಲಿ. ಹದ ಮಾಡುವ ರೀತಿ ಡಚ್ಚರದು, ಅಷ್ಟೇ. ಅವರು ಅದನ್ನು ಮುಚ್ಚಿಡುವುದೂ ಇಲ್ಲ.

ಖರ್ಚು ಕಡಿಮೆ. ಪ್ರವೇಶ ಉಚಿತ, ಒಂದು ಹೆರಿಂಗ್‌ಗೆ ಹೆಚ್ಚುಕಡಿಮೆ ಇಲ್ಲಿನ ಒಂದು ಕಾಫಿಯ ದುಡ್ಡು. ಉಳಿಯೋದು ಕಡಲತಡಿಯಲ್ಲಿ ಬೇಡ, ಹೇಗ್ ನಗರದೊಳಗೆ ಉಳಿದು ಟ್ರಾಮ್ ಹತ್ತಿ. ಸಸ್ಯಾಹಾರಿಗಳು ಮರಳಿನ ಮೇಲೆ ಅಡ್ಡಾಡಿಕೊಂಡಿರಬಹುದು, ಬೀಚ್ ದೊಡ್ಡದು. ಸ್ಟ್ರಾಲರ್‌ಗೂ ದಾರಿ ಸಲೀಸು.

ಲೈಡನ್, ಅಕ್ಟೋಬರ್ 3: ಹಸಿವು ಮುಗಿದ ಬೆಳಗ್ಗೆ

ನನ್ನ ಮೆಚ್ಚಿನದು ಇದು, ಮೊದಲೇ ಹೇಳಿಬಿಡುತ್ತೇನೆ. ಆದ್ದರಿಂದ ಈ ಭಾಗವನ್ನು ಸ್ವಲ್ಪ ಅನುಮಾನದಿಂದಲೇ ಓದಿ.

1574ರಲ್ಲಿ ಸ್ಪೇನಿನ ಸೈನ್ಯ ಲೈಡನ್ ಊರನ್ನು ಸುತ್ತುವರಿದಿತ್ತು. ತಿಂಗಳುಗಟ್ಟಲೆ ಒಳಗೆ ಏನೂ ಬರಲಿಲ್ಲ. ಹಸಿವು, ಪ್ಲೇಗು ಎರಡೂ ಸೇರಿ ಸಾವಿರಾರು ಜನ ಸತ್ತರು. ಶರಣಾಗೋಣ ಅಂತ ಜನ ಕೂಗಿದಾಗ ಊರಿನ ಮೇಯರ್ ಫಾನ್ ದೆರ್ ವೆರ್ಫ್ ತನ್ನ ತೋಳನ್ನೇ ಮುಂದೆ ಚಾಚಿ "ಬೇಕಾದರೆ ಇದನ್ನು ತಿನ್ನಿ" ಅಂದ ಅಂತ ಕಥೆ. ಕೊನೆಗೆ ಸ್ಪೇನಿನ ವಿರುದ್ಧ ದಂಗೆಯೆದ್ದ ಡಚ್ಚರ ನಾಯಕ ಆರೆಂಜ್‌ನ ವಿಲಿಯಂ ಕಡೆಯವರು ಏರಿಗಳನ್ನು ಒಡೆದರು. ಹೊಲಗದ್ದೆಗಳ ಮೇಲೆ ನೀರು ನುಗ್ಗಿತು. ಆ ನೀರಿನ ಮೇಲೆ ಅಡ್ಮಿರಲ್ ಬ್ವಾಸೋ ತನ್ನ ಚಪ್ಪಟೆ ದೋಣಿಗಳನ್ನು ಊರಿನ ಕಡೆ ತಂದ. ಅಕ್ಟೋಬರ್ 2ರ ರಾತ್ರಿ ಸ್ಪೇನಿನವರು ಜಾಗ ಖಾಲಿ ಮಾಡಿದರು. 3ರ ಬೆಳಗ್ಗೆ ದೋಣಿಗಳು ಒಳಗೆ ಬಂದವು. ಅವುಗಳಲ್ಲಿದ್ದದ್ದು ಹೆರಿಂಗ್ ಮತ್ತು ಬಿಳಿ ಬ್ರೆಡ್.

ಇವತ್ತಿಗೂ ಅಕ್ಟೋಬರ್ 3ರ ಬೆಳಗ್ಗೆ ಊರಿನ ಹಳೇ ತೂಕದ ಮನೆ 'ದ ವಾಖ್' ಹತ್ತಿರ ಹೆರಿಂಗ್, ಬಿಳಿ ಬ್ರೆಡ್ ಹಂಚುತ್ತಾರೆ. ಸಾಲು ನಿಂತವರಲ್ಲಿ ಅಜ್ಜ ಅಜ್ಜಿಯರೇ ಜಾಸ್ತಿ, ಕೈಯಲ್ಲಿ ಬಟ್ಟೆಯ ಚೀಲ. ಯಾರ ಮುಖದಲ್ಲೂ ಜಾತ್ರೆಯ ಆತುರ ಇರುವುದಿಲ್ಲ. ದೇವಸ್ಥಾನದಲ್ಲಿ ಪ್ರಸಾದಕ್ಕೆ ನಿಂತ ಹಾಗೆ. ನಾನು ಮೊದಲ ಸಲ ಹೋದಾಗ ಪಕ್ಕದಲ್ಲಿದ್ದ ಅಜ್ಜಿ ತನ್ನ ಬ್ರೆಡ್ಡಿನ ತುದಿ ಮುರಿದು ನನಗೆ ಕೊಟ್ಟಳು, ನನಗೆ ಸಾಲಿನಲ್ಲಿ ನಿಲ್ಲುವ ಹಕ್ಕು ಇದೆಯೋ ಇಲ್ಲವೋ ಕೇಳಲಿಲ್ಲ. ನೀವು ಮಾತ್ರ ಆ ವರ್ಷ ಯಾರಿಗೆ ಹಂಚುತ್ತಾರೆ, ಚೀಟಿ ಬೇಕಾ ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ. ಸಾಲಿನಲ್ಲಿ ಸಿಗದಿದ್ದರೂ ಊರಿನ ಯಾವ ಮೀನಂಗಡಿಯಲ್ಲಾದರೂ ಹೆರಿಂಗ್ ಸಿಗುತ್ತದೆ.

ಇನ್ನೊಂದು ತಿಂಡಿ ಹುಟ್ಸ್‌ಪಾಟ್. ಸ್ಪೇನಿನವರು ಬಿಟ್ಟೋಡಿದ ಶಿಬಿರದಲ್ಲಿ ಒಬ್ಬ ಅನಾಥ ಹುಡುಗನಿಗೆ ಇನ್ನೂ ಬಿಸಿಯಿದ್ದ ಒಂದು ಪಾತ್ರೆ ಸಾರು ಸಿಕ್ಕಿತಂತೆ. ಅದರ ನೆನಪಿಗೆ ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿ ಬೇಯಿಸಿ ಕಿವುಚಿದ ಈ ಅಡುಗೆ. ಆಲೂಗಡ್ಡೆ ಆ ಕಾಲಕ್ಕೆ ಇಲ್ಲಿಗೆ ಬಂದೇ ಇರಲಿಲ್ಲ, ಬೇರೆ ಗೆಡ್ಡೆ ಇತ್ತು ಅನ್ನಿ. ಜೊತೆಗೆ ದನದ ಮಾಂಸ ಇಡುವ ರೂಢಿ ಇದೆ, ಹಾಗಾಗಿ ಕೇಳಿ ತಗೊಳ್ಳಿ. ಮಾಂಸ ಬಿಟ್ಟು ಬಡಿಸಿದರೆ ಸಸ್ಯಾಹಾರಿಗಳಿಗೆ ಇದಕ್ಕಿಂತ ಹತ್ತಿರದ ಹಬ್ಬದೂಟ ಈ ಪಟ್ಟಿಯಲ್ಲಿ ಬೇರೆ ಇಲ್ಲ. ಒಗ್ಗರಣೆ ಇಲ್ಲದ ಪಲ್ಯ ಅಂದುಕೊಂಡರೆ ಆಯಿತು.

ಲೈಡನ್‌ನಲ್ಲೂ ಗದ್ದಲ ಇಲ್ಲ ಅಂತಲ್ಲ. ಮಧ್ಯಾಹ್ನ ದೊಡ್ಡ ಮೆರವಣಿಗೆ, ಊರ ತುಂಬ ಜಯಂಟ್ ವ್ಹೀಲ್, ರಾತ್ರಿ ಪಟಾಕಿ. ಸಂಜೆಯ ಹೊತ್ತಿಗೆ ಕುಡಿದವರ ಗಲಾಟೆಯೂ ಇರುತ್ತದೆ. ಉಪಾಯ ಏನೆಂದರೆ ಬೆಳಗ್ಗೆ ಬೇಗ ಹೋಗಿ. 7 ಗಂಟೆಗೇ ಪುರಭವನದ ಮುಂದೆ ವಾದ್ಯದೊಂದಿಗೆ ದಿನ ಶುರುವಾಗುತ್ತದೆ. ಹಂಚಿಕೆ ನೋಡಿ, ಪೀಟರ್ಸ್‌ಕೆರ್ಕ್ ಅನ್ನುವ ಹಳೇ ಚರ್ಚಿನ ಕಡೆ ಅಡ್ಡಾಡಿ, ಮೆರವಣಿಗೆ ನೋಡಿ ಹೊರಟುಬಿಡಿ. ಮುತ್ತಿಗೆ ತಾಳಿಕೊಂಡದ್ದಕ್ಕೆ ವಿಲಿಯಂ ಈ ಊರಿಗೆ 1575ರಲ್ಲಿ ವಿಶ್ವವಿದ್ಯಾಲಯ ಕೊಟ್ಟ. ಅದರ ಸಸ್ಯೋದ್ಯಾನ ಹಬ್ಬದ ಹಿಂದಿನ ದಿನಕ್ಕೆ ಇಟ್ಟುಕೊಳ್ಳಿ.

ಖರ್ಚಿನ ಮಾತಿಗೆ ಬಂದರೆ ಇಡೀ ಪಟ್ಟಿಯಲ್ಲಿ ಅಗ್ಗ ಇದೇ. ಸ್ಖಿಪಾಲ್ ವಿಮಾನ ನಿಲ್ದಾಣದಿಂದ ರೈಲಿನಲ್ಲಿ ಇಪ್ಪತ್ತು ನಿಮಿಷ. ಬೇರೆ ಊರಲ್ಲಿ ಉಳಿದು ಒಂದೇ ದಿನಕ್ಕೆ ಹೋಗಿ ಬರಬಹುದು. ತಾರೀಕು ಬದಲಾಗುವುದಿಲ್ಲವಾದ್ದರಿಂದ ಟಿಕೆಟ್ ಬುಕ್ ಮಾಡೋದೂ ಸುಲಭ. ಒಂದೇ ತೊಡಕು: 3ನೇ ತಾರೀಕು ಭಾನುವಾರ ಬಿದ್ದರೆ ಹಬ್ಬ ಸೋಮವಾರ. 2027ರಲ್ಲಿ ಹಾಗೇ ಆಗುತ್ತದೆ.

ಹೆಲ್ಸಿಂಕಿ, ಅಕ್ಟೋಬರ್ ಮೊದಲ ವಾರ: ತಿನ್ನುವವರ ಸಂತೆ

ತಿನ್ನೋಕೇ ಹೋಗುವವರು ಇಲ್ಲಿಗೆ ಹೋಗಬೇಕು. ಕಥೆ ಕಡಿಮೆ, ಡಬ್ಬಿ ಜಾಸ್ತಿ.

ಇಲ್ಲಿಯ ಹೆರಿಂಗ್ ಸಂತೆ 1743ರಿಂದ ನಡೆದು ಬಂದಿದೆ. ಫಿನ್ನಿಶ್‌ನಲ್ಲಿ ಸಿಲಕ್ಕಮಾರ್ಕಿನತ್. ಬಾಲ್ಟಿಕ್ ಸಮುದ್ರದಲ್ಲಿ ಉಪ್ಪು ಕಡಿಮೆ, ಅಲ್ಲಿನ ಹೆರಿಂಗ್ ಗಾತ್ರದಲ್ಲಿ ಚಿಕ್ಕದು. ಫಿನ್ನರು ಅದಕ್ಕೆ ಬೇರೆಯದೇ ಹೆಸರಿಟ್ಟಿದ್ದಾರೆ, ಸಿಲಕ್ಕ. ಅಟ್ಲಾಂಟಿಕ್‌ನ ದೊಡ್ಡದಕ್ಕೆ ಸಿಲ್ಲಿ. ಎರಡನ್ನೂ ಒಂದೇ ಅಂದರೆ ಮಾರುವವರಿಗೆ ಸಿಟ್ಟು ಬರುತ್ತದೆ. ನಮ್ಮಲ್ಲಿ ಬೂತಾಯಿಯನ್ನೂ ಬಂಗುಡೆಯನ್ನೂ ಒಂದೇ ಅಂದ ಹಾಗೆ.

ದ್ವೀಪಗಳ ಮೀನುಗಾರರು ತಮ್ಮ ದೋಣಿಗಳನ್ನು ಮಾರುಕಟ್ಟೆ ಚೌಕದ ದಡಕ್ಕೆ ತಂದು ಕಟ್ಟುತ್ತಾರೆ. ದೋಣಿಯೇ ಅಂಗಡಿ. ಹಿಂಭಾಗದಲ್ಲಿ ಹಲಗೆ, ಅದರ ಮೇಲೆ ಬಕೆಟ್ಟುಗಳು. ಉಪ್ಪಿನದು, ಸಾಸಿವೆಯದು, ಬೆಳ್ಳುಳ್ಳಿಯದು, ಕ್ಯಾರೆಟ್ ಈರುಳ್ಳಿ ಹಾಕಿ ವಿನಿಗರ್‌ನಲ್ಲಿ ನೆನೆಸಿದ್ದು. ಚಿಕ್ಕ ತುಂಡು ಬ್ರೆಡ್ ಮೇಲಿಟ್ಟು ರುಚಿ ನೋಡಲು ಕೊಡುತ್ತಾರೆ. ಆ ಬ್ರೆಡ್ಡೇ ಇನ್ನೊಂದು ಕಾರಣ. ದ್ವೀಪದವರ ಕಪ್ಪು ಬ್ರೆಡ್, ಮಾಲ್ಟ್ ಹಾಕಿ ಮಾಡಿದ್ದು, ಸ್ವಲ್ಪ ಸಿಹಿ, ಭಾರ. ಅದರ ಸಿಹಿಗೂ ಮೀನಿನ ಉಪ್ಪು ಹುಳಿಗೂ ಚೆನ್ನಾಗಿ ಕೂಡುತ್ತದೆ. ಕೊನೆಗೂ ನಮ್ಮ ನಾಲಿಗೆಗೆ ಅರ್ಥವಾಗುವ ರುಚಿ. ಸ್ಖೆವನಿಂಗನ್‌ನ ಹಸಿ ಹೆರಿಂಗ್ ಆಗದವರು ಇಲ್ಲಿ ನಾಲ್ಕು ಡಬ್ಬಿ ಕಟ್ಟಿಸಿಕೊಂಡು ಬರುತ್ತಾರೆ. ಹುರಿದ ಮೀನಿನ ಸ್ಟಾಲುಗಳೂ ಪಕ್ಕದಲ್ಲೇ ಇವೆ, ರೈ ಹಿಟ್ಟಿನಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಹುರಿಯುತ್ತಾರೆ. ರವಾ ಫ್ರೈಗೆ ದೂರದ ಸಂಬಂಧಿ. ವರ್ಷದ ಒಳ್ಳೆಯ ಹೆರಿಂಗ್ ಯಾರದು ಅಂತ ಸ್ಪರ್ಧೆಯೂ ಇದೆ.

ಬಾಲ್ಟಿಕ್ ಮೀನಿನಲ್ಲಿ ಡಯಾಕ್ಸಿನ್ ಅನ್ನುವ ವಿಷ ಇದೆಯಂತಲ್ಲ ಅಂತ ಕೆಲವರು ಕೇಳುತ್ತಾರೆ. ನಿಜ, ಕೊಬ್ಬಿನ ಮೀನಾದ್ದರಿಂದ ಸೇರಿಕೊಳ್ಳುತ್ತದೆ. ದೊಡ್ಡ ಮೀನಿನಲ್ಲಿ ಜಾಸ್ತಿ, ಚಿಕ್ಕದರಲ್ಲಿ ಕಡಿಮೆ. ಮಕ್ಕಳು, ಮಗು ಹೆರುವ ವಯಸ್ಸಿನವರು ದೊಡ್ಡ ಹೆರಿಂಗ್ ಪದೇ ಪದೇ ತಿನ್ನಬಾರದು ಅಂತ ಅಲ್ಲಿನ ಸರ್ಕಾರದ ಸಲಹೆ ಇದೆ. ಒಂದು ದಿನದ ಸಂತೆಗೆ ಹೋದವರು ಇದನ್ನು ತಲೆಗೆ ಹಚ್ಚಿಕೊಳ್ಳಬೇಕಿಲ್ಲ.

ಚಳಿ ಮಾತ್ರ ತಮಾಷೆಯಲ್ಲ. ಅಕ್ಟೋಬರ್‌ನಲ್ಲಿ ನೀರಿನ ಮೇಲಿಂದ ಬೀಸುವ ಗಾಳಿ ಕಿವಿ ಕತ್ತರಿಸುತ್ತದೆ. ಟೋಪಿ ಮರೆತರೆ ಚಿಂತೆಯಿಲ್ಲ, ಸಂತೆಯಲ್ಲೇ ಉಣ್ಣೆಯ ಟೋಪಿ, ಕಾಲುಚೀಲ ಮಾರುತ್ತಾರೆ. ಹೋಟೆಲ್ ದುಬಾರಿ, ಊಟವೂ ದುಬಾರಿ, ಸಂತೆಗೆ ಟಿಕೆಟ್ ಇಲ್ಲ. ಸಂತೆ ಒಂದು ವಾರ ಇರುವುದರಿಂದ ನಿಮ್ಮ ರಜೆಗೆ ಹೊಂದಿಸಿಕೊಳ್ಳಲು ಜಾಗ ಇದೆ. ಮೀನು ಬೇಡದವರು ಅದೇ ಚೌಕದಿಂದ ದೋಣಿ ಹತ್ತಿ ಸುವೊಮೆನ್ಲಿನ್ನ ಕೋಟೆ ನೋಡಿಬರಬಹುದು. ಮಂಡಿನೋವಿನವರಿಗೆ ಚೌಕದಲ್ಲಿ ಕಲ್ಲುಹಾಸು ಇದೆ, ಆದರೆ ಸಮತಟ್ಟು.

ಗಮನಿಸಿದಿರಾ? ಲೈಡನ್, ಹೆಲ್ಸಿಂಕಿ ಎರಡೂ ಹೆಚ್ಚುಕಡಿಮೆ ಒಂದೇ ವಾರ, ಒಂದೇ ವೀಸಾ. ಆಮ್‌ಸ್ಟರ್‌ಡ್ಯಾಮಿನಿಂದ ಹೆಲ್ಸಿಂಕಿಗೆ ವಿಮಾನದಲ್ಲಿ ಎರಡೂವರೆ ಗಂಟೆ. ಹತ್ತು ದಿನದ ರಜೆ ಇರುವವರಿಗೆ ನಾನು ಹೇಳುವ ಉಪಾಯ ಇದೇ. ಜೂನ್ ಬಿಟ್ಟುಬಿಡಿ.

ಸಿಗ್ಲುಫ್ಯೋರ್ದುರ್, ಆಗಸ್ಟ್: ಮೀನು ಬಿಟ್ಟುಹೋದ ಊರು

ಐಸ್‌ಲ್ಯಾಂಡಿನ ಉತ್ತರ ತುದಿಯಲ್ಲಿ, ಬೆಟ್ಟಗಳ ನಡುವೆ ಸಿಕ್ಕಿಕೊಂಡ ಒಂದು ಊರು. 1903ರಲ್ಲಿ ನಾರ್ವೆಯವರು ಹೆರಿಂಗ್ ಹಿಡಿಯಲು ಇಲ್ಲಿಗೆ ಬಂದರು. ಮುಂದಿನ ಅರವತ್ತು ವರ್ಷ ಊರಿಗೆ ಹುಚ್ಚು ಹಿಡಿದ ಹಾಗಾಯಿತು. ಉಪ್ಪು ಹಾಕುವ ಕಟ್ಟೆಗಳು, ಎಣ್ಣೆ ತೆಗೆಯುವ ಕಾರ್ಖಾನೆಗಳು, ಬಂದರಿನಲ್ಲಿ ನೂರಾರು ದೋಣಿ. ಕೆಲವು ವರ್ಷ ದೇಶದ ರಫ್ತಿನ ಕಾಲುಭಾಗಕ್ಕಿಂತ ಜಾಸ್ತಿ ದುಡ್ಡು ಹೆರಿಂಗ್‌ನಿಂದಲೇ. ಊರಿನ ಜನಸಂಖ್ಯೆ 3,000 ದಾಟಿತು. 1960ರ ದಶಕದ ಕೊನೆಗೆ ಮೀನು ಬರುವುದು ನಿಂತಿತು. ಜಾಸ್ತಿ ಹಿಡಿದಿದ್ದರು, ಸಮುದ್ರದ ನೀರೂ ತಣ್ಣಗಾಗಿತ್ತು. ಈಗ ಉಳಿದಿರುವುದು ಸುಮಾರು 1,200 ಜನ.

ಹಬ್ಬ ಶುರುವಾದದ್ದು ಮೀನು ಹೋದ ಎಷ್ಟೋ ವರ್ಷದ ಮೇಲೆ, 1991ರಲ್ಲಿ. ಆಗಸ್ಟ್ ಮೊದಲ ವಾರಾಂತ್ಯದ ಉದ್ದನೆಯ ರಜೆಗೆ. ಹಬ್ಬದ ಜೀವ ಅಂದರೆ ಉಪ್ಪು ಹಾಕುವ ಪ್ರದರ್ಶನ. ರಬ್ಬರ್ ಏಪ್ರನ್ ಕಟ್ಟಿ, ತಲೆಗೆ ಬಟ್ಟೆ ಸುತ್ತಿದ ಹೆಂಗಸರು ಕಟ್ಟೆಯ ಮುಂದೆ ಸಾಲಾಗಿ ನಿಲ್ಲುತ್ತಾರೆ. ಒಂದು ಕೊಯ್ತ, ತಲೆ ಕರುಳು ಆಚೆ. ಉಪ್ಪಿನಲ್ಲಿ ಹೊರಳಿಸಿ, ಬಗ್ಗಿ, ಪೀಪಾಯಿಯ ತಳದಲ್ಲಿ ಸುತ್ತಲೂ ಒಪ್ಪವಾಗಿ ಜೋಡಿಸುತ್ತಾರೆ. ಪೀಪಾಯಿ ತುಂಬಿದರೆ ಜೋರಾಗಿ ಕೂಗುತ್ತಾರೆ. ಆಗ ಒಬ್ಬ ಬಂದು ಅವಳ ಬೂಟಿನೊಳಗೆ ಒಂದು ಬಿಲ್ಲೆ ಹಾಕುತ್ತಾನೆ. ಒಂದು ಬಿಲ್ಲೆಗೆ ಒಂದು ಪೀಪಾಯಿಯ ಕೂಲಿ. ಕೈ ತುಂಬ ಮೀನಿನ ಲೋಳೆ ಇರುವಾಗ ಜೇಬಿಗೆ ಕೈ ಹಾಕುವುದು ಹೇಗೆ, ಅದಕ್ಕೇ ಬೂಟು. ನನಗೆ ಇಡೀ ಹಬ್ಬದಲ್ಲಿ ನೆನಪುಳಿದದ್ದು ಆ ಬಿಲ್ಲೆ ಬೂಟಿಗೆ ಬೀಳುವ ಕ್ಷಣ. ಆಮೇಲೆ ಅಕಾರ್ಡಿಯನ್, ಕುಣಿತ, ರೈ ಬ್ರೆಡ್ ಮೇಲೆ ಹೆರಿಂಗ್.

ಪಕ್ಕದಲ್ಲೇ ಹೆರಿಂಗ್ ಯುಗದ ಮ್ಯೂಸಿಯಂ ಇದೆ. 2004ರಲ್ಲಿ ಯೂರೋಪಿನ ಮಿಕೆಲೆಟ್ಟಿ ಪ್ರಶಸ್ತಿ ಪಡೆದದ್ದು. 1907ರ ಮರದ ಮನೆಯೊಂದರ ಮಹಡಿಯಲ್ಲಿ ಹೆರಿಂಗ್ ಹುಡುಗಿಯರು ಮಲಗುತ್ತಿದ್ದ ಕೋಣೆಗಳನ್ನು ಹಾಗೇ ಉಳಿಸಿದ್ದಾರೆ. ಮಂಚದ ಮೇಲೆ ಮಂಚ, ಗೋಡೆಗೆ ಚಿತ್ರ, ಹಗ್ಗದ ಮೇಲೆ ಕಾಲುಚೀಲ.

ಕಥೆಯ ತೂಕದಲ್ಲಿ ಲೈಡನ್‌ಗೆ ಸಮ ಅಂದರೆ ಇದೊಂದೇ. ಆದರೆ ಜೇಬಿಗೆ ಬೆಂಕಿ. ರೇಕ್ಯಾವಿಕ್‌ನಿಂದ ಕಾರಿನಲ್ಲಿ ಹೆಚ್ಚುಕಡಿಮೆ ಐದು ಗಂಟೆ, ಹತ್ತಿರದ ದೊಡ್ಡ ಊರು ಅಕುರೇರಿಯಿಂದ ಒಂದು ಗಂಟೆ ಚಿಲ್ಲರೆ. 2010ರಲ್ಲಿ ಸುರಂಗ ತೆರೆದ ಮೇಲೆ ದಾರಿ ಸುಲಭವಾಗಿದೆ. ಆ ವಾರಾಂತ್ಯ ಇಡೀ ದೇಶ ರಜೆಯಲ್ಲಿ ಓಡಾಡುತ್ತಿರುತ್ತದೆ. ನಾನು ಜೂನ್‌ನಲ್ಲಿ ಕೋಣೆ ಹುಡುಕಿದೆ. ಸಿಕ್ಕಿದ್ದು ಒಂದೇ, ಅದರ ಬೆಲೆಗೆ ಊರಿಗೆ ಹೋಗಿಬರುವ ಟಿಕೆಟ್ ಬರುತ್ತಿತ್ತು. ಅಲ್ಲಿಗೆ ಹೋದರೆ ಬುಕಿಂಗೇ ಇಲ್ಲ ಅಂದರು. ಆ ರಾತ್ರಿ ಕಾರಿನಲ್ಲೇ ಮಲಗಿದೆವು. ಹೆಂಡತಿ ಇನ್ನೂ ಹೇಳಿಕೊಂಡು ತಿರುಗುತ್ತಾಳೆ.

ಉಪಾಯ ಒಂದಿದೆ. ಉಪ್ಪು ಹಾಕುವ ಪ್ರದರ್ಶನವನ್ನು ಮ್ಯೂಸಿಯಂನವರು ಬೇಸಿಗೆಯ ಬೇರೆ ದಿನಗಳಲ್ಲೂ ಮಾಡುತ್ತಾರೆ. ಐಸ್‌ಲ್ಯಾಂಡ್ ಸುತ್ತುವ ಯೋಜನೆ ಹೇಗೂ ಇದ್ದರೆ ಆ ದಿನ ಕೇಳಿಕೊಂಡು ಹೋಗಿ, ಹಬ್ಬದ ವಾರಾಂತ್ಯ ತಪ್ಪಿಸಿ. ಬರೀ ಹೆರಿಂಗ್‌ಗಾಗಿ ಅಲ್ಲಿಗೆ ಹೋಗಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಇನ್ನುಳಿದವು, ಬೇಗ ಬೇಗ

ಕಾಪೆಲ್ನ್, ಉತ್ತರ ಜರ್ಮನಿ. ಈಸ್ಟರ್ ಆದ 40ನೇ ದಿನದ ರಜೆಗೆ, ಹೆಚ್ಚಾಗಿ ಮೇ ತಿಂಗಳಲ್ಲಿ. ಇಲ್ಲಿನ ವಿಶೇಷ ಹಬ್ಬವಲ್ಲ, ಬೇಲಿ. ಶ್ಲೈ ಅನ್ನುವ ಹಿನ್ನೀರಿನಲ್ಲಿ ಗೂಟ ನೆಟ್ಟು, ಕೊಂಬೆ ಹೆಣೆದು, ಮೀನನ್ನು ಒಂದು ಮೂಲೆಗೆ ತರುವ ಹೆರಿಂಗ್ ಬೇಲಿ. 15ನೇ ಶತಮಾನದ ವಿಧಾನ, ಈಗ ಬಳಕೆಯಲ್ಲಿ ಉಳಿದದ್ದು ಇದೊಂದೇ. ಬೇಲಿಯಲ್ಲಿ ಸಿಕ್ಕ ಮೀನಿನ ತೂಕ ಎಷ್ಟು ಅಂತ ಗಣ್ಯರು ಬಾಜಿ ಕಟ್ಟುತ್ತಾರೆ, ಗೆದ್ದವರು ಆ ವರ್ಷದ ಹೆರಿಂಗ್ ರಾಜ. ಹ್ಯಾಂಬರ್ಗ್ ಕಡೆ ಇರುವ ಕನ್ನಡಿಗರಿಗೆ ವಾರಾಂತ್ಯದ ಪ್ರವಾಸಕ್ಕೆ ಸರಿ. ದೂರದಿಂದ ಬರುವಷ್ಟೇನಿಲ್ಲ.

ಡಂಕರ್ಕ್, ಫ್ರಾನ್ಸ್. ಫೆಬ್ರವರಿ ಅಥವಾ ಮಾರ್ಚ್, ಕಾರ್ನಿವಲ್‌ನ ಭಾನುವಾರ. ಪುರಭವನದ ಮುಂದೆ ಸಾವಿರಾರು ಜನ ವೇಷ ಹಾಕಿ ಹೆರಿಂಗ್ ಬೇಕು ಅಂತ ಕೂಗುತ್ತಾರೆ. ಮೇಯರ್ ಬಾಲ್ಕನಿಯಿಂದ ಹೊಗೆ ಹಾಕಿದ ಹೆರಿಂಗ್ ಎಸೆಯುತ್ತಾರೆ, ಪ್ಲಾಸ್ಟಿಕ್ ಸುತ್ತಿ. ಐಸ್‌ಲ್ಯಾಂಡ್ ಕಡೆ ಮೀನಿಗೆ ಹೊರಡುವ ಮುಂಚೆ ಮೀನುಗಾರರಿಗೆ ಮಾಲೀಕರು ಕೊಡುತ್ತಿದ್ದ ಊಟ ಇದರ ಬೇರು. ಕಾಲೇಜು ಹುಡುಗರಿಗೆ ಹೇಳಿ ಮಾಡಿಸಿದ್ದು. ಮಗು ಕರೆದುಕೊಂಡು ಆ ನೂಕುನುಗ್ಗಲಿಗೆ ಹೋಗಬೇಡಿ.

ಬ್ರಿಟನ್‌ನಲ್ಲಿ ಎರಡು. ಸ್ಕಾಟ್‌ಲ್ಯಾಂಡಿನ ಐಮೌತ್‌ನಲ್ಲಿ ಜುಲೈಗೆ ಶಾಲೆಯ ಹುಡುಗಿಯೊಬ್ಬಳನ್ನು ಹೆರಿಂಗ್ ರಾಣಿ ಮಾಡಿ, ಸೇಂಟ್ ಆ್ಯಬ್ಸ್‌ನಿಂದ ದೋಣಿಗಳ ಮೆರವಣಿಗೆಯಲ್ಲಿ ಕರೆತರುತ್ತಾರೆ. 1939ರಲ್ಲಿ ಶುರುವಾದದ್ದು. ಇದೇ ಕರಾವಳಿಯಲ್ಲಿ 1881ರ ಅಕ್ಟೋಬರ್‌ನ ಒಂದೇ ಬಿರುಗಾಳಿಗೆ 189 ಮೀನುಗಾರರು ಸತ್ತರು. ಅದು ಗೊತ್ತಿದ್ದರೆ ಆ ಮೆರವಣಿಗೆ ಬೇರೆ ಥರ ಕಾಣುತ್ತದೆ. ಇನ್ನೊಂದು ಇಂಗ್ಲೆಂಡಿನ ಕ್ಲೊವೆಲ್ಲಿ, ನವೆಂಬರ್‌ನ ಒಂದು ಭಾನುವಾರ. ಹೊಗೆ ಹಾಕಿದ ಹೆರಿಂಗ್ ಇಷ್ಟವಾದರೆ ಇದು ನಿಮ್ಮ ಊರು. ಆದರೆ ಗಾಡಿ ಹೋಗದ, ಗುಂಡುಕಲ್ಲು ಹಾಸಿದ ಕಡಿದಾದ ಒಂದೇ ಬೀದಿ, ಊರೊಳಗೆ ಹೋಗಲು ಟಿಕೆಟ್ಟು. ಮಂಡಿನೋವಿನ ಅತ್ತೆಯನ್ನು ಲಂಡನ್‌ನಲ್ಲೇ ಬಿಟ್ಟು ಹೋಗಿ. ಬ್ರಿಟನ್ನಿನಲ್ಲೇ ಇರುವವರಿಗೆ ಎರಡೂ ಚೆಂದ, ಭಾರತದಿಂದ ಷೆಂಗೆನ್ ವೀಸಾದಲ್ಲಿ ಬರುವವರು ಮರೆತುಬಿಡಿ.

ಹಾಗಾದರೆ?

ಚಿಕ್ಕಪ್ಪನ ಮಗನಿಗೆ ಬರೆದದ್ದನ್ನೇ ಇಲ್ಲೂ ಹಾಕುತ್ತೇನೆ. ಜೂನ್ ಬಿಟ್ಟರೆ ಬೇರೆ ದಾರಿಯಿಲ್ಲ ಅಂದರೆ ಸ್ಖೆವನಿಂಗನ್. ಒಂದೇ ದಿನ ಸಾಕು. ಹಸಿ ಮೀನು ಆಗದು, ಆದರೆ ಮೀನು ಬೇಕು ಅಂದರೆ ಹೆಲ್ಸಿಂಕಿ. ಮನೆಯಲ್ಲಿ ಅರ್ಧ ಜನ ಸಸ್ಯಾಹಾರಿಗಳು, ಜೇಬೂ ತೆಳು ಅಂದರೆ ಲೈಡನ್. ಐಸ್‌ಲ್ಯಾಂಡ್‌ಗೆ ಹೇಗೂ ಹೋಗುತ್ತಿದ್ದರೆ ಮಾತ್ರ ಸಿಗ್ಲುಫ್ಯೋರ್ದುರ್, ಕೋಣೆಯ ಬುಕಿಂಗನ್ನು ಎರಡು ಸಲ ಫೋನ್ ಮಾಡಿ ಖಚಿತ ಮಾಡಿಕೊಂಡು.

ಅವನ ಹೆಂಡತಿ ಮೊಟ್ಟೆಯೂ ತಿನ್ನುವುದಿಲ್ಲ. ಅಕ್ಟೋಬರ್ 2ಕ್ಕೆ ಟಿಕೆಟ್ ಮಾಡಿಸಿದ್ದಾನೆ. "ಏನು ತರಬೇಕು?" ಅಂತ ಕೇಳಿದ. ದಪ್ಪ ಜಾಕೆಟ್, ಮುಚ್ಚಳ ಗಟ್ಟಿ ಇರುವ ಒಂದು ಸ್ಟೀಲ್ ಡಬ್ಬಿ, ಆಮೇಲೆ ಅಮ್ಮನ ಹತ್ತಿರ ಕೇಳಿ ಸ್ವಲ್ಪ ಹುಳಿಪುಡಿ ಅಂದೆ.